ಟೊಮೆಟೊ ಎಲೆ: ಔಷಧಿ ಡಬ್ಬಿಗೆ ಕೈಹಾಕುವ ಮುನ್ನ

ಕುಂಡದ ಟೊಮೆಟೊ ಗಿಡದ ಎಲೆ ಹಳದಿಯಾಯಿತು, ಮುದುಡಿತು ಎಂದು ವಾಚಕ ಬಂಧುಗಳು ಕೇಳುತ್ತಲೇ ಇರುತ್ತಾರೆ. ಹುಳ ಸಾಯಿಸದೆ ಗಿಡ ಉಳಿಸಲು ಬರುವುದಿಲ್ಲವೆ ಎಂಬುದು ಜೊತೆಗಿನ ಪ್ರಶ್ನೆ. ಬರುತ್ತದೆ, ಏಕೆಂದರೆ ಬಹಳ ಸಲ ಅಲ್ಲಿ ಹುಳವೇ ಇರುವುದಿಲ್ಲ. ಇಲ್ಲದ ಹುಳಕ್ಕೆ ವಿಷ ಹೊಡೆದು ಪಾಪವನ್ನೂ ಖರ್ಚನ್ನೂ ಏಕೆ ಕಟ್ಟಿಕೊಳ್ಳಬೇಕು?

ನಮ್ಮ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘದ ಹೆಣ್ಣುಮಕ್ಕಳು ರಾಸಾಯನಿಕ ಔಷಧಿ ಇಲ್ಲದೆ ಬೆಳೆ ತೆಗೆದು ತೋರಿಸಿದ್ದಾರೆ. 2019ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಅವರ ಹೊಲದಲ್ಲಿ ಜೋಳ, ತೊಗರಿ, ನವಣೆ ಹೀಗೆ ಹಲವು ಬೆಳೆ ಒಟ್ಟಿಗಿರುವುದರಿಂದ ಒಂದು ಹುಳ ಎಲ್ಲವನ್ನೂ ಕೆಡಿಸಲಾರದು. ಮಾಳಿಗೆಯ ಮೇಲಿನ ಒಂಟಿ ಟೊಮೆಟೊಗೆ ಆ ರಕ್ಷಣೆ ಇಲ್ಲ. ಅದಕ್ಕೆ ನಮ್ಮ ಕಣ್ಣೇ ಕಾವಲು.

ಕೆಟ್ಟಿರುವುದು ಕೆಳಗಿನ ಎಲೆಯೋ ತುದಿಯ ಎಲೆಯೋ, ಅದನ್ನು ಮೊದಲು ನೋಡಿರಿ. ಸಾರಜನಕ, ಮೆಗ್ನೀಸಿಯಂ ಕಡಿಮೆಯಾದಾಗ ಗಿಡ ಹಳೆಯ ಎಲೆಯಿಂದ ತೆಗೆದು ಎಳೆಯದಕ್ಕೆ ಕೊಡುತ್ತದೆ, ತಾಯಿ ತನ್ನ ಪಾಲನ್ನು ಮಗುವಿಗೆ ಬಡಿಸಿದಂತೆ. ಆದ್ದರಿಂದ ಕೆಳಗಿನ ಎಲೆ ಒಂದೇ ಸಮ ಪೇಲವವಾದರೆ ಸಾರಜನಕದ ಕೊರತೆ. ಎರಡು ಹಿಡಿ ಚೆನ್ನಾಗಿ ಕಳಿತ ಸಗಣಿಗೊಬ್ಬರ ಹಾಕಿ. ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಮೆಗ್ನೀಸಿಯಂನದು; ಲೀಟರ್ ನೀರಿಗೆ ಒಂದು ಚಮಚ ಎಪ್ಸಮ್ ಲವಣ ಕರಗಿಸಿ ಸಂಜೆ ಎಲೆಗೆ ಚಿಮುಕಿಸಿ. ಇದೇ ಚಿಹ್ನೆ ತುದಿಯ ಎಳೆ ಎಲೆಯಲ್ಲಿದ್ದರೆ ಕಬ್ಬಿಣದ ಕೊರತೆ. ಕಬ್ಬಿಣ ಹಾಗೆ ಸ್ಥಳ ಬದಲಿಸುವುದಿಲ್ಲ. ಸುಣ್ಣದಂಶವಿರುವ ಎರೆಮಣ್ಣಿನಲ್ಲಿ ಇದು ಹೆಚ್ಚು. ಎರೆಮಣ್ಣನ್ನೇ ತುಂಬಿದ ಕುಂಡದಲ್ಲಿ ನೀರೂ ನಿಲ್ಲುತ್ತದೆ. ಮಣ್ಣು ಹಸಿಯಿದ್ದೂ ಗಿಡ ಬಾಡಿದರೆ ಬೇರು ಉಸಿರುಕಟ್ಟಿದೆ ಎಂದೇ ತಿಳಿಯಿರಿ. ಮರಳು, ಗೊಬ್ಬರ ಬೆರೆಸಿ ಕುಂಡ ಬದಲಿಸಿರಿ.

ಕೆಳಗಿನ ಎಲೆಯಲ್ಲಿ ಉಂಗುರದೊಳಗೆ ಉಂಗುರವಿದ್ದಂತೆ ಕಂದು ಚುಕ್ಕೆ ಬಂದರೆ ಅದು ಅಂಗಮಾರಿ, ಶಿಲೀಂಧ್ರದ ರೋಗ. ಆ ಎಲೆಗಳನ್ನು ತೆಗೆದು, ನೀರನ್ನು ಬುಡಕ್ಕೆ ಮಾತ್ರ ಹಾಕಿ.

ಇನ್ನು ಮುದುಡುವ ಎಲೆ. ಇಲ್ಲಿಯೇ ಎಲ್ಲರೂ ಮೋಸ ಹೋಗುವುದು. ಏಪ್ರಿಲ್-ಮೇ ಬಿಸಿಲಿಗೆ ಕೆಳಗಿನ ಎಲೆಗಳು ದೋಣಿಯಂತೆ ಮೇಲಕ್ಕೆ ಸುರುಳಿಯಾಗುತ್ತವೆ, ಬಣ್ಣ ಮಾತ್ರ ಹಸಿರೇ. ಅದು ರೋಗವಲ್ಲ, ಮಧ್ಯಾಹ್ನ ನೆರಳು ಮಾಡಿ. ತುದಿಯ ಹೊಸ ಎಲೆ ಚಿಕ್ಕದಾಗಿ, ಸುಕ್ಕುಗಟ್ಟಿ, ಅಂಚು ಹಳದಿಯಾಗಿ ಗಿಡ ಕುಳ್ಳಗೆ ನಿಂತರೆ ಎಲೆಮುರುಟು ನಂಜುರೋಗ. ಬಿಳಿನೊಣ ಇದನ್ನು ಹರಡುತ್ತದೆ. ನಂಜು ಹೊಕ್ಕ ಗಿಡಕ್ಕೆ ಔಷಧಿಯೇ ಇಲ್ಲ. ನೊಣವನ್ನೆಲ್ಲ ಕೊಂದರೂ ಅದು ಗುಣವಾಗದು. ಮೊನೊಕ್ರೊಟೊಫಾಸನ್ನಂತೂ ತರಕಾರಿಗೆ ಹೊಡೆಯುವುದನ್ನು 2005ರಲ್ಲೇ ಸರ್ಕಾರ ನಿಷೇಧಿಸಿದೆ. ಪಕ್ಕದಲ್ಲಿ ಬೇರೆ ಟೊಮೆಟೊ ಇದ್ದರೆ ರೋಗದ ಗಿಡ ಕೀಳಲೇಬೇಕು. ಅದೂ ಹಿಂಸೆಯಲ್ಲವೆ ಎಂದರೆ, ಹೌದು. ಗೃಹಸ್ಥರು ಇಲ್ಲಿ ಕಡಿಮೆಯದನ್ನು ಆರಿಸಿಕೊಳ್ಳಬೇಕು.

ಮುಂದಿನ ಸಲ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಬೀಜ ಸಿಕ್ಕರೆ ಹಾಕಿ, ಅದು ಎಲೆಮುರುಟನ್ನು ತಡೆದುಕೊಳ್ಳುತ್ತದೆ. ಯಾವ ತಳಿಯಾದರೂ ಮೊದಲ ಒಂದು ತಿಂಗಳು ಸಸಿಗೆ ಪರದೆ ಕಟ್ಟಿರಿ. ಸೊಳ್ಳೆಪರದೆ ಸಾಲದು, ಅದರ ಕಣ್ಣು ದೊಡ್ಡದು. ಹಳೆಯ ವಾಯಿಲ್ ಸೀರೆಯ ತುಂಡು ಸಾಕು. ನಾಲ್ಕು ಕಡ್ಡಿ ನೆಟ್ಟು, ಬಟ್ಟೆಯ ಅಂಚನ್ನು ಮಣ್ಣಿನಲ್ಲಿ ಒತ್ತಿಬಿಡಿ. ಹೂ ಬರುವಾಗ ತೆಗೆದರಾಯಿತು.