ಹಳೆಯ ತೊಟ್ಟಿಲಿಗೆ ನ್ಯಾಯವಾದ ಬೆಲೆ ಎಷ್ಟು?

ಹುಟ್ಟಿದ ಮಗುವಿಗೆ ಮೊದಲು ಸುತ್ತುವುದು ಹೊಸ ಬಟ್ಟೆಯನ್ನಲ್ಲ, ಅಜ್ಜಿಯ ಹಳೆಯ ಹತ್ತಿ ಸೀರೆಯ ತುಂಡನ್ನು. ಇದರಲ್ಲಿ ಬಡತನವೂ ಇಲ್ಲ, ಮೂಢನಂಬಿಕೆಯೂ ಇಲ್ಲ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ. ನೂರು ಸಲ ಒಗೆದ ಬಟ್ಟೆಯಲ್ಲಿ ಗಂಜಿಯೆಲ್ಲ ಹೋಗಿ ನೂಲು ಮೆತ್ತಗಾಗಿರುತ್ತದೆ, ಒದ್ದೆಯನ್ನೂ ಬೇಗ ಹೀರುತ್ತದೆ. ತೊಟ್ಟಿಲ ಕಥೆಯೂ ಹೀಗೆಯೇ. ಉತ್ತರ ಕರ್ನಾಟಕದಲ್ಲಿ ತವರಿನವರು ತಂದ ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ ಒಂದೇ ಮನೆತನದ ಮೂರು ತಲೆಮಾರಿನ ಮಕ್ಕಳು ಮಲಗಿ ಎದ್ದಿರುವುದುಂಟು. ನೆಂಟರಿಗೋ ನೆರೆಯವರಿಗೋ ಬೇಕಾದರೆ ಆರು ತಿಂಗಳಿಗೆ ಕೊಡುವುದು, ಮತ್ತೆ ತರಿಸಿಕೊಂಡು ಅಟ್ಟಕ್ಕೆ ಹಾಕುವುದು. ಬೆಲೆಯ ಮಾತೇ ಅಲ್ಲಿ ಬರುತ್ತಿರಲಿಲ್ಲ.

ಈಗ ಬರುತ್ತದೆ. ಅಟ್ಟವಿಲ್ಲದ ಮನೆ, ಊರಿನಲ್ಲಿ ಉಳಿದ ನೆಂಟರು, ಒಂದೇ ಮಗು. ಅಪಾರ್ಟ್‌ಮೆಂಟಿನ ಲಿಫ್ಟಿನ ಪಕ್ಕದ ಫಲಕದಲ್ಲೋ ಮೊಬೈಲ್ ಫೋನಿನಲ್ಲೋ 'ಸ್ಟ್ರಾಲರ್ ಮಾರಾಟಕ್ಕಿದೆ, ಹೆಚ್ಚು ಬಳಸಿಲ್ಲ' ಎಂಬ ಒಕ್ಕಣೆ ಕಾಣುತ್ತದೆ. ಮಾರುವವರು ತಾವು ಕೊಟ್ಟ ಹಣವನ್ನು ನೆನೆದು ಆರು ಸಾವಿರ ಎನ್ನುತ್ತಾರೆ. ನೋಡಲು ಬಂದವರು 'ಹಳೇದಲ್ವಾ' ಎಂದು ಸಾವಿರಕ್ಕೆ ಕೇಳುತ್ತಾರೆ. ಇಬ್ಬರಿಗೂ ಬೇಸರ. ಗಾಡಿ ಬಾಲ್ಕನಿಯಲ್ಲೇ ಧೂಳು ತಿನ್ನುತ್ತದೆ.

ಮಗುವಿನ ಸಾಮಾನಿಗೂ ಹಳೆಯ ಸ್ಕೂಟರಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಸ್ಕೂಟರನ್ನು ಮಾರುವುದು ಅದು ಸವೆದಿದೆ ಎಂದು. ಮಗುವಿನ ಸಾಮಾನನ್ನು ಮಾರುವುದು ಮಗು ಬೆಳೆದಿದೆ ಎಂದು. ಸಾಮಾನು ಇನ್ನೂ ಗಟ್ಟಿಯಾಗಿರುತ್ತದೆ, ಆದರೆ ಇಟ್ಟುಕೊಂಡವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಆದ್ದರಿಂದ ಇಲ್ಲಿ ಸವಕಳಿಯನ್ನು ವರ್ಷದ ಮೇಲೆ ಹಾಕುವ ಲೆಕ್ಕ ಹೊಂದುವುದಿಲ್ಲ.

ಹೊಂದುವ ಲೆಕ್ಕ ಹೀಗಿದೆ. ಮೊದಲಿಗೆ, ಕೊಂಡಾಗ ಎಷ್ಟು ಕೊಟ್ಟಿದ್ದೆವು ಎಂಬುದನ್ನು ಮರೆಯಬೇಕು. ಅದೇ ಬಗೆಯ ಹೊಸ ಸಾಮಾನು ಇಂದು ರಿಯಾಯಿತಿ ಕಳೆದು ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂಬುದಷ್ಟೇ ಮುಖ್ಯ. ಡಬ್ಬದ ಮೇಲೆ ಅಚ್ಚಾದ ಗರಿಷ್ಠ ಬೆಲೆಯನ್ನು ತೋರಿಸಿ ಚೌಕಾಸಿಗೆ ಕೂರುವುದು ಸರಿಯಲ್ಲ, ಆ ಬೆಲೆಗೆ ಹೊಸದನ್ನೇ ಯಾರೂ ಕೊಳ್ಳುವುದಿಲ್ಲ. ಆಮೇಲೆ, ಒಂದು ಮಗು ದಾಟಿದರೆ ಬೆಲೆ ಅರ್ಧ, ಇನ್ನೊಂದು ದಾಟಿದರೆ ಅದರ ಅರ್ಧ. ಪ್ರೌಢಶಾಲೆಯಲ್ಲಿ ವಿಕಿರಣ ವಸ್ತುಗಳ ಅರ್ಧಾಯುಷ್ಯವನ್ನು ಓದಿದವರಿಗೆ ಇದು ಹೊಸದೇನಲ್ಲ. ಇಂದು 6,000 ರೂಪಾಯಿ ಬೆಲೆಯ ಸ್ಟ್ರಾಲರ್ ಎರಡನೆಯ ಮನೆಗೆ 3,000ಕ್ಕೆ, ಮೂರನೆಯ ಮನೆಗೆ 1,500ಕ್ಕೆ ಹೋದರೆ ಯಾರಿಗೂ ಮೋಸವಿಲ್ಲ. ಮೊದಲನೆಯವರು 3,000 ಕಳೆದುಕೊಂಡರು, ಹೊಸತನ ಅನುಭವಿಸಿದರು. ಎರಡನೆಯವರ ನಿಜವಾದ ಖರ್ಚು 1,500 ಮಾತ್ರ. ಇದು ಶಾಸನವೇನಲ್ಲ, ಮಾತು ಆರಂಭಿಸಲು ಒಂದು ಒಳ್ಳೆಯ ಜಾಗ.

ಇನ್ನೊಂದು ಅಂಶವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಅದು ಕೊಳ್ಳುವವರ ಮಗುವಿನ ವಯಸ್ಸು. ಆರು ತಿಂಗಳಿಂದ ಮೂರು ವರ್ಷದವರೆಗೆ, ಅಂದರೆ 30 ತಿಂಗಳು ಬಳಸಬಹುದಾದ ಗಾಡಿಯನ್ನು ಎರಡು ವರ್ಷದ ಮಗುವಿಗೆ ಕೊಂಡರೆ ಸಿಗುವುದು 12 ತಿಂಗಳು. ಅಂಥವರು ಹೊಸ ಬೆಲೆಯ 30ರಲ್ಲಿ 12 ಭಾಗಕ್ಕಿಂತ, ಅಂದರೆ 2,400ಕ್ಕಿಂತ ಹೆಚ್ಚು ಕೊಡುವುದರಲ್ಲಿ ಅರ್ಥವಿಲ್ಲ. ಮಾರುವವರ ಕಡೆಯಿಂದ ನೋಡಿದರೆ, ಮೂಲೆಯಲ್ಲಿ ಬಿದ್ದಿರುವ ಗಾಡಿ ತಂದುಕೊಡುವ ಲಾಭ ಸೊನ್ನೆ. ಜಾಗ ತಿನ್ನುವುದು ಬೇರೆ. ಹೀಗಾಗಿ ಒಂದಿಷ್ಟು ತಗ್ಗಿದರೆ ಅವರಿಗೂ ನಷ್ಟವೇನಿಲ್ಲ.

ಅಷ್ಟಾಗಿ ಸವೆಯದ ವಸ್ತುವಿಗೆ ಅರ್ಧವೇ ಏಕೆ, ಮುಕ್ಕಾಲು ಏಕಿಲ್ಲ? ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಬರೆದ ಪ್ರಬಂಧದಲ್ಲಿ ಇದಕ್ಕೆ ಉತ್ತರವಿದೆ. 2001ರ ನೊಬೆಲ್ ಅರ್ಥಶಾಸ್ತ್ರ ಬಹುಮಾನದಲ್ಲಿ ಅವರೂ ಪಾಲುದಾರರು. ಅವರ ವಾದದ ತಿರುಳು ಸರಳ. ವಸ್ತುವಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಅನುಮಾನಪಟ್ಟು ಕಡಿಮೆ ಬೆಲೆಗೆ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ವಸ್ತುವಿನ ಯಜಮಾನ ಕೊಡಲು ಒಪ್ಪದೆ ಹಿಂದೆ ಸರಿಯುತ್ತಾನೆ. ಪೇಟೆಯಲ್ಲಿ ಕೆಟ್ಟವೇ ಉಳಿಯುತ್ತವೆ, ಬೆಲೆ ಇನ್ನೂ ಕುಸಿಯುತ್ತದೆ. ಹಾಗಾಗಿ ಅರ್ಧ ಬೆಲೆಯಲ್ಲಿ ಸವಕಳಿಗಿಂತ ಅನುಮಾನದ ಪಾಲೇ ದೊಡ್ಡದು. ಅದನ್ನು ಕರಗಿಸಲು ಮಾರುವವರ ಕೈಯಲ್ಲಿ ದಾರಿಯೂ ಇದೆ. ಕೊಂಡ ಬಿಲ್ಲು, ಜೋಡಣೆಯ ಚೀಟಿ, ತಯಾರಾದ ದಿನಾಂಕ ತೋರಿಸುವುದು. 'ಎಡಗಡೆಯ ಬ್ರೇಕು ಸ್ವಲ್ಪ ಜಾರುತ್ತದೆ' ಎಂದು ಅವರು ಕೇಳುವ ಮೊದಲೇ ಹೇಳುವುದು. ಇನ್ನೂರು ರೂಪಾಯಿ ತಗ್ಗಿದರೂ ಉಳಿದದ್ದರ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಕೊಳ್ಳುವವರು ನೋಡಬೇಕಾದ್ದು ಬಣ್ಣವನ್ನಲ್ಲ, ಸಂದುಗಳನ್ನು. ಸ್ಪ್ರಿಂಗ್ ತೊಟ್ಟಿಲನ್ನೇ ತೆಗೆದುಕೊಳ್ಳಿ. ನಿಮಿಷಕ್ಕೆ 30 ಸಲದಂತೆ ದಿನಕ್ಕೆ ಎರಡು ಗಂಟೆ ತೂಗಿದರೆ 3,600 ಸಲವಾಯಿತು. ಆರು ತಿಂಗಳಿಗೆ ಅದು ಆರು ಲಕ್ಷ ದಾಟುತ್ತದೆ. ಒಂದು ಸಲಕ್ಕೆ ಏನೂ ಆಗದ ಭಾರವೇ ಲಕ್ಷಾಂತರ ಸಲ ಬಿದ್ದಾಗ ಲೋಹದಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿಸುತ್ತದೆ. ಇದೇ ಲೋಹದ ದಣಿವು. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ರೈಲು ಎಂಜಿನ್ನಿನ ಅಚ್ಚು ಮುರಿದು ದೊಡ್ಡ ದುರಂತವಾದ ಮೇಲೆ ಎಂಜಿನಿಯರುಗಳು ಈ ಕಡೆ ಗಮನ ಹರಿಸಿದರು. ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದ. ತೊಟ್ಟಿಲಿಗೂ ನಿಯಮ ಅದೇ. ಕೊಕ್ಕೆಯ ಬಾಗು, ಸ್ಪ್ರಿಂಗಿನ ತುದಿ, ಬೆಸುಗೆಯ ಜಾಗಗಳನ್ನು ಬೆಳಕಿಗೆ ಹಿಡಿದು ನೋಡಬೇಕು. 20 ಲೀಟರಿನ ನೀರಿನ ಕ್ಯಾನು ತುಂಬಿಟ್ಟು ತೂಗಿ ನೋಡುವುದು ಒಳ್ಳೆಯದೇ, ಆದರೆ ಅದು ಇಂದಿನ ಬಲವನ್ನು ಮಾತ್ರ ಹೇಳುತ್ತದೆ, ನಾಳೆಯದನ್ನಲ್ಲ. ಸ್ಪ್ರಿಂಗು, ಕೊಕ್ಕೆ ಬಿಡಿಯಾಗಿ ಸಿಗುತ್ತವೆ. ಹೊಸದನ್ನು ಹಾಕಿಸುವ ಖರ್ಚನ್ನು ಬೆಲೆಯಿಂದ ಕಳೆದು ಕೊಡುವುದು ನ್ಯಾಯ.

ಕಂಬಿಗಳಿರುವ ಮಂಚವಾದರೆ ಅಡಿಪಟ್ಟಿ ಒಯ್ಯಬೇಕು. ಕಂಬಿಗಳ ನಡುವೆ 6 ಸೆಂಟಿಮೀಟರಿಗಿಂತ ಹೆಚ್ಚು ಸಂದಿದ್ದರೆ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುವ ಭಯವಿದೆ. 'ಅಮೆರಿಕದಿಂದ ಬಂದದ್ದು' ಎಂಬ ಮಾತಿಗೆ ನಮ್ಮಲ್ಲಿ ಇನ್ನೂ ಬೆಲೆ ಹೆಚ್ಚು. ಒಂದು ಪಕ್ಕದ ಕಟಕಟೆಯನ್ನು ಕೆಳಗಿಳಿಸುವ ಮಂಚಗಳ ಮಾರಾಟವನ್ನು ಅಮೆರಿಕ 2011ರ ಜೂನಿನಲ್ಲಿ ನಿಷೇಧಿಸಿತು. ಹಳೆಯದನ್ನು ಮರುಮಾರಾಟ ಮಾಡುವುದೂ ಅದರಲ್ಲಿ ಸೇರಿದೆ. ಅದಕ್ಕೂ ಮೊದಲು ಸಾಮಾನಿನ ಜತೆ ಬಂದ ಅಂಥ ಮಂಚವೊಂದು ಅಲ್ಲಿ ಮಾರಲಾಗದ ವಸ್ತು, ಇಲ್ಲಿ 'ಫಾರಿನ್ ಮಾಲು'! ಬಣ್ಣ ಹಚ್ಚಿದ ಹಳೆಯ ಮರದ ಸಾಮಾನಿನ ವಿಷಯದಲ್ಲೂ ಎಚ್ಚರ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಹಲ್ಲು ಬರುವ ಮಗು ಕಟಕಟೆಯನ್ನು ಕಚ್ಚದೆ ಬಿಡುವುದಿಲ್ಲ.

ಇನ್ನು ಕೆಲವು ಸಾಮಾನುಗಳಿವೆ. ಅವುಗಳಿಗೆ ನ್ಯಾಯವಾದ ಬೆಲೆ ಸೊನ್ನೆ. ಕಾರಿನಲ್ಲಿ ಮಗುವನ್ನು ಕೂರಿಸುವ ಸೀಟು ಅವುಗಳಲ್ಲಿ ಒಂದು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಗೋಡೆಗೆ ಬಡಿದು ನಿಂತಾಗ, ಕಟ್ಟಿ ಹಾಕದ ಮಗು ಸುಮಾರು 10 ಮೀಟರ್ ಎತ್ತರದಿಂದ, ಎಂದರೆ ಮೂರನೆಯ ಮಹಡಿಯಿಂದ ಬಿದ್ದ ವೇಗದಲ್ಲಿ ಮುಂದಕ್ಕೆ ಎಸೆಯಲ್ಪಡುತ್ತದೆ. ಅಷ್ಟು ರಭಸವನ್ನು ಒಮ್ಮೆ ತಡೆದ ಸೀಟಿನ ಪ್ಲಾಸ್ಟಿಕ್ಕು ಒಳಗೇ ಸೀಳಿರಬಹುದು, ಹೊರಗೆ ಗೀರೂ ಕಾಣದು. ತಯಾರಕರು ಅದರ ತಳದಲ್ಲಿ ತಯಾರಾದ ದಿನಾಂಕ ಅಚ್ಚು ಹಾಕಿರುತ್ತಾರೆ, ಬಾಳಿಕೆ ಸಾಮಾನ್ಯವಾಗಿ ಆರರಿಂದ ಹತ್ತು ವರ್ಷ. ಕಾರು ಎಂದೂ ಅಪಘಾತಕ್ಕೆ ಸಿಕ್ಕಿಲ್ಲವೆಂದು ಎದೆ ಮುಟ್ಟಿ ಹೇಳುವ ಪರಿಚಿತರಿಂದಲ್ಲದೆ ಅದನ್ನು ಕೊಳ್ಳಬಾರದು. ಹಳೆಯ ಹಾಲಿನ ಬಾಟಲಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಕೊಡುವುದೂ ಬೇಡ, ಪಡೆಯುವುದೂ ಬೇಡ.

ಗಾಲಿಗಳ ಮೇಲೆ ಓಡುವ ವಾಕರ್ ಇನ್ನೊಂದು. ಮಗು ಬೇಗ ನಡೆಯಲು ಕಲಿಯುತ್ತದೆಂಬುದು ಅದರ ಬಗ್ಗೆ ಇರುವ ನಂಬಿಕೆ. ನಿಜ ಸಂಗತಿ ಹಾಗಿಲ್ಲ. ತನ್ನ ಕಾಲಿನ ಮೇಲೆ ತಾನು ತೂಗಿ ನಿಲ್ಲುವ ಅಭ್ಯಾಸವೇ ಅದರಲ್ಲಿ ತಪ್ಪಿಹೋಗುತ್ತದೆ. ಆದರೆ ಮಗುವಿಗೆ ವೇಗ ಮಾತ್ರ ಸಿಕ್ಕಿಬಿಡುತ್ತದೆ. ಹೊಸಿಲು, ಮೆಟ್ಟಿಲು, ಒಲೆಯ ಮೇಲಿನ ಸಾರಿನ ಪಾತ್ರೆ ಎಲ್ಲವೂ ಅದರ ಕೈಗೆಟುಕುತ್ತವೆ. ಕೆನಡಾ 2004ರಲ್ಲಿ ವಾಕರುಗಳ ಮಾರಾಟವನ್ನು ನಿಲ್ಲಿಸಿತು, ಹಳೆಯವನ್ನೂ ಬಿಡಲಿಲ್ಲ. ನಮ್ಮ ಅಂಗಡಿಗಳಲ್ಲಿ ಅದು ರಾಜಾರೋಷವಾಗಿ ತೂಗಾಡುತ್ತಿದೆ. ಅದರ ಬದಲು ನಮ್ಮ ಬಡಗಿಗಳು ಮಾಡಿಕೊಡುವ ಮೂರು ಗಾಲಿಯ ಮರದ ತಳ್ಳುಗಾಡಿ ಎಷ್ಟೋ ಮೇಲು, ಅಲ್ಲಿ ಮಗು ನಿಂತು, ತಾನೇ ನೂಕಿ, ತಾನೇ ಹೆಜ್ಜೆ ಇಡಬೇಕು.

ಈ ಬೆಲೆಯಿಲ್ಲದ ಸಾಮಾನುಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ? ಬಹುಪಾಲು ಮನೆಕೆಲಸದವರ ಮನೆಗೆ. 'ನಿನ್ನ ಮೊಮ್ಮಗನಿಗೆ ಆಗುತ್ತೆ ತಗೊಂಡು ಹೋಗು' ಎನ್ನುತ್ತಾರೆ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ 'ಬೇಡ ಅಮ್ಮಾವ್ರೇ, ಇದರ ಬೆಲ್ಟು ಹರಿದಿದೆ' ಎಂದು ಆಕೆ ಹೇಳಲಾರಳು. ನಾಳೆಯೂ ಅದೇ ಮನೆಗೆ ಕೆಲಸಕ್ಕೆ ಬರಬೇಕು. ಕೆಲವು ಕಡೆ ಐದುನೂರು ರೂಪಾಯಿ ಸಂಬಳದಲ್ಲಿ ಮುರಿದುಕೊಳ್ಳುವುದೂ ಇದೆ. ಚೌಕಾಸಿ ಮಾಡಲಾರದವರಿಗೆ ಮಾರುವಾಗ ಬೆಲೆಯನ್ನು ಒಬ್ಬರೇ ನಿಗದಿ ಮಾಡುತ್ತಾರೆ. ಅಂಥಲ್ಲಿ ನ್ಯಾಯ ನೋಡುವ ಹೊಣೆಯೂ ಆ ಒಬ್ಬರದೇ. ಕೊಡುವುದಾದರೆ ಗಟ್ಟಿ ತೊಟ್ಟಿಲನ್ನು, ಹೊಸ ಕೊಕ್ಕೆ ಹಾಕಿಸಿ, ಹೇಗೆ ಕಟ್ಟಬೇಕೆಂದು ತೋರಿಸಿ ಕೊಡಬೇಕು. ಸ್ವಾಭಿಮಾನಕ್ಕೆ ಹಣ ಕೊಡುತ್ತೇನೆಂದು ಆಕೆಯೇ ಹಟ ಹಿಡಿದರೆ, ಕೊಕ್ಕೆಯ ಬೆಲೆ ಪಡೆದರೆ ಸಾಕು.

ವಾಕರನ್ನೂ ಅವಧಿ ಮುಗಿದ ಕಾರಿನ ಸೀಟನ್ನೂ ಗುಜರಿಗೆ ಹಾಕುವ ಮುನ್ನ ಗಾಲಿಗಳನ್ನು ಕಿತ್ತು, ಬೆಲ್ಟುಗಳನ್ನು ಕತ್ತರಿಸಿ ಹಾಕಬೇಕು. ಇಡಿಯಾಗಿ ಹಾಕಿದರೆ ಮುಂದಿನ ಭಾನುವಾರ ಅದೇ ವಾಕರು ಒರೆಸಿ ಹೊಳಪು ಮಾಡಿಸಿಕೊಂಡು ಫುಟ್‌ಪಾತಿನ ಮೇಲೆ ಮುನ್ನೂರು ರೂಪಾಯಿಗೆ ಕೂತಿರುತ್ತದೆ.