ನೇಪಥ್ಯದ ಸೇವೆ

ಮೊನ್ನೆ ಭಾನುವಾರ ಮಂಗಳೂರಿನಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ನಮ್ಮನ್ನು ತನ್ನ ಕ್ರೈಸ್ತ ದೇವಾಲಯದ ಆರಾಧನೆಗೆ ಕರೆದೊಯ್ದನು. ಅಲ್ಲಿಯ ಧ್ವನಿವರ್ಧಕ, ದೀಪಗಳು, ಕೀರ್ತನೆಯ ಸಾಲುಗಳನ್ನು ತೋರುವ ತೆರೆ, ಇವೆಲ್ಲವನ್ನೂ ಸಂಬಳವಿಲ್ಲದೆ ನೋಡಿಕೊಳ್ಳುವವನು ಅವನೇ. ಅವನ ಸ್ಥಾನವು ಎಲ್ಲರ ಬೆನ್ನ ಹಿಂದೆ.

ಮಂದಿರವು ಬಲು ಉದ್ದವಾದುದು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುತ್ತದೆ. ತಂತಿಯಲ್ಲಾದರೋ ಅದು ವಿದ್ಯುತ್ತಾಗಿ ಕ್ಷಣಮಾತ್ರದಲ್ಲಿ ಬಂದುಬಿಡುತ್ತದೆ. ಆದುದರಿಂದ 34 ಮೀಟರು ಹಿಂದಿರುವ ಧ್ವನಿವರ್ಧಕವನ್ನು ಸೆಕೆಂಡಿನ ಹತ್ತನೆಯ ಒಂದಂಶದಷ್ಟು ತಡೆದು ನುಡಿಸಬೇಕು. ಇಲ್ಲವಾದರೆ, ಇಬ್ಬರು ಹುಡುಗರು ಒಂದೇ ಶ್ಲೋಕವನ್ನು ಹಿಂದುಮುಂದಾಗಿ ಒಪ್ಪಿಸಿದಂತೆ, ಕಡೆಯ ಬೆಂಚಿನವರಿಗೆ ಮಾತು ಸ್ಪಷ್ಟವಾಗದು.

“ಮೈಕು ಕಿರುಚಿದ ದಿನ ಎಲ್ಲರೂ ತಿರುಗಿ ನನ್ನನ್ನೇ ನೋಡುತ್ತಾರೆ, ಗುರುಗಳೇ, ಸರಿಯಾಗಿದ್ದ ದಿನ ಯಾರೂ ನೋಡುವುದಿಲ್ಲ” ಎಂದನು.

ಕಿವಿ ಮಂದವಾಗಿ, ಬರುವುದನ್ನೇ ನಿಲ್ಲಿಸಿದ್ದ ಅಜ್ಜಿಯೊಬ್ಬರು ಈ ಏರ್ಪಾಡಾದ ಬಳಿಕ ಮತ್ತೆ ಬರತೊಡಗಿದ್ದಾರಂತೆ. ಪ್ರಸಂಗದ ನಡುವೆ ಅವರು ತಲೆದೂಗಿದುದನ್ನು ನಾವೇ ಕಂಡೆವು. ಅವರೂ ಹಿಂದಿರುಗಿ ನೋಡಲಿಲ್ಲ.

ವಾಚಕರೇ, ನಮ್ಮ ಮನೆಗಳಲ್ಲಿಯೂ ಸಾರಿಗೆ ಉಪ್ಪು ಹೆಚ್ಚಾದ ದಿನವಷ್ಟೇ ಅಡುಗೆ ಮಾಡಿದವರ ನೆನಪಾಗುವುದುಂಟು. ರುಚಿಯಾದ ದಿನವೂ ಒಮ್ಮೆ ತಿರುಗಿ ನೋಡೋಣ.