ಬ್ಯಾಟರಿ ಬಾಳಿಕೆ: ಕಂಪನಿಗೊಂದು ಅಳತೆ, ಗ್ರಾಹಕನಿಗೆ ಬರೀ ನಂಬಿಕೆ

ಮೊಬೈಲ್ ಫೋನ್ ಇಂದು ಕೇವಲ ಮಾತನಾಡುವ ಸಾಧನವಾಗಿ ಉಳಿದಿಲ್ಲ. ತರಕಾರಿ ವ್ಯಾಪಾರಿಗೆ ಅದೇ ಗಲ್ಲಾಪೆಟ್ಟಿಗೆ; ಆಟೋ ಚಾಲಕನಿಗೆ ಬಾಡಿಗೆ ತರುವ ಸಾಧನವೂ ಅದೇ. ಮಧ್ಯಾಹ್ನ ಮೂರು ಗಂಟೆಗೆ ಬ್ಯಾಟರಿ ಬರಿದಾದರೆ ಅಂದಿನ ದುಡಿಮೆಯೂ ಅಲ್ಲಿಗೇ ನಿಂತಂತೆ. ಹೀಗಿದ್ದರೂ, ಎರಡು ಫೋನ್‌ಗಳಲ್ಲಿ ಯಾವುದರ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ಯಾವುದರದು ಹೆಚ್ಚು ವರ್ಷ ಬಾಳುತ್ತದೆ ಎಂದು ಹೋಲಿಸಿ ಹೇಳುವ ಅಧಿಕೃತ ಅಳತೆಗೋಲು ಭಾರತದಲ್ಲಿ ಇಲ್ಲ. ಫ್ರಿಜ್ ಮತ್ತು ಎಸಿಗಳ ಮೇಲೆ ನಕ್ಷತ್ರದ ಗುರುತು ಕಾಣುವ ಗ್ರಾಹಕನಿಗೆ ಫೋನ್ ಪೆಟ್ಟಿಗೆಯ ಮೇಲೆ ಕಾಣುವುದು ಕಂಪನಿಯ ಮಾತು ಮಾತ್ರ.

ಎಂಎಎಚ್ ಎಂಬ ಮರೀಚಿಕೆ: ಮಾರಾಟಗಾರರು ಮೊದಲು ಹೇಳುವುದು ಬ್ಯಾಟರಿಯ ಎಂಎಎಚ್ ಸಂಖ್ಯೆಯನ್ನು. ಅದು ತೊಟ್ಟಿಯ ಗಾತ್ರವನ್ನು ಹೇಳುತ್ತದೆಯೇ ಹೊರತು ನಲ್ಲಿಯಿಂದ ನೀರು ಎಷ್ಟು ವೇಗವಾಗಿ ಹರಿದುಹೋಗುತ್ತದೆ ಎಂಬುದನ್ನಲ್ಲ. 2003ರಲ್ಲಿ ಬಂದ ನೋಕಿಯಾ 1100 ಫೋನಿನ ಬ್ಯಾಟರಿ 850 ಎಂಎಎಚ್ ಮಾತ್ರ. ಆದರೂ ಅದು ದಿನಗಟ್ಟಲೆ ಬರುತ್ತಿತ್ತು. ಇಂದಿನ 5000 ಎಂಎಎಚ್ ಫೋನಿಗೆ ದಿನವೂ ಚಾರ್ಜರ್ ಬೇಕು. ಪರದೆಯ ಬೆಳಕು, ಪ್ರೊಸೆಸರ್, ಮೋಡೆಮ್ ಹಾಗೂ ಸಾಫ್ಟ್‌ವೇರ್ ಎಲ್ಲವೂ ವಿದ್ಯುತ್ತನ್ನು ಹೀರುವುದೇ ಇದಕ್ಕೆ ಕಾರಣ. ಒಂದೇ ಗಾತ್ರದ ಬ್ಯಾಟರಿಯುಳ್ಳ ಎರಡು ಫೋನ್‌ಗಳ ನಡುವೆ ಹಲವು ಗಂಟೆಗಳ ಅಂತರ ಬರುವುದೂ ಈ ಕಾರಣದಿಂದಲೇ.

ಗಂಟೆಗಳ ಲೆಕ್ಕವೂ ಇದಕ್ಕಿಂತ ಭಿನ್ನವೇನಲ್ಲ. ಒಂದು ಕಂಪನಿ ವಿಡಿಯೋ ವೀಕ್ಷಣೆಯ ಗಂಟೆಗಳನ್ನು ಹೇಳಿದರೆ ಮತ್ತೊಂದು 'ಎರಡು ದಿನ' ಎಂದಷ್ಟೇ ಹೇಳುತ್ತದೆ. ಪರದೆಯ ಬೆಳಕು ಎಷ್ಟಿತ್ತು, ಬಳಸಿದ್ದು ವೈಫೈಯೋ 5ಜಿಯೋ ಎಂಬುದನ್ನು ಓದಲು ಭೂತಗನ್ನಡಿ ಹಿಡಿಯಬೇಕು. ಸ್ವತಂತ್ರ ಪರೀಕ್ಷಕರು ಎಲ್ಲ ಫೋನ್‌ಗಳ ಬೆಳಕನ್ನೂ ಸಮಗೊಳಿಸಿ, ಕರೆ, ಜಾಲ ವೀಕ್ಷಣೆ ಮತ್ತು ವಿಡಿಯೋವನ್ನು ಒಂದೇ ಕ್ರಮದಲ್ಲಿ ನಡೆಸಿ ಹೋಲಿಸುತ್ತಾರೆ. ಈ ಕೆಲಸ ಶ್ಲಾಘನೀಯವೇ. ಆದರೆ ಒಬ್ಬರ ಕ್ರಮ ಇನ್ನೊಬ್ಬರದಲ್ಲ. 1956ರ ತೂಕ ಮತ್ತು ಅಳತೆಗಳ ಕಾಯ್ದೆ ಬರುವ ಮುನ್ನ ಊರಿಗೊಂದು ಸೇರು ಇದ್ದಂತೆಯೇ ಇದು.

ಯುರೋಪಿನ ಹೆಜ್ಜೆ: ಯುರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ ತನ್ನ ಮಾರುಕಟ್ಟೆಗೆ ಬರುವ ಹೊಸ ಸ್ಮಾರ್ಟ್‌ಫೋನ್‌ಗಳಿಗೆ ಚೀಟಿಯನ್ನು ಕಡ್ಡಾಯಗೊಳಿಸಿದೆ. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಗಂಟೆ ಬರುತ್ತದೆ, ಎಷ್ಟು ಚಾರ್ಜಿಂಗ್ ಸುತ್ತುಗಳವರೆಗೆ ಬ್ಯಾಟರಿ ತಾಳುತ್ತದೆ ಎಂಬ ಎರಡೂ ಅಂಶಗಳು ಅದರಲ್ಲಿರಬೇಕು. 800 ಪೂರ್ಣ ಸುತ್ತುಗಳ ನಂತರವೂ ಕನಿಷ್ಠ ಶೇ. 80ರಷ್ಟು ಸಾಮರ್ಥ್ಯ ಉಳಿದಿರಬೇಕೆಂಬ ನಿಯಮವೂ ಇದೆ. ದಿನಕ್ಕೊಂದು ಸುತ್ತು ಬಳಸುವವರಿಗೆ 800 ಸುತ್ತು ಎಂದರೆ ಎರಡು ವರ್ಷಕ್ಕೂ ಹೆಚ್ಚು ಕಾಲ. ದಿನಕ್ಕೆರಡು ಸುತ್ತು ಮುಗಿಸುವ ದುಡಿಮೆಗಾರನಿಗೆ ಅದು ಕೇವಲ 13 ತಿಂಗಳು. ಯಾರಿಗೆ ಬ್ಯಾಟರಿ ಹೆಚ್ಚು ಅಗತ್ಯವೋ ಅವರದೇ ಮೊದಲು ಸವೆಯುತ್ತದೆ!

ಈ ವ್ಯವಸ್ಥೆ ಪರಿಪೂರ್ಣವೆಂದೇನೂ ಅಲ್ಲ. ಪರೀಕ್ಷಾ ವಿಧಾನದಲ್ಲಿ ಅಸ್ಪಷ್ಟತೆ ಇದೆ ಎಂದು ವಾದಿಸಿದ ಆಪಲ್, ತನ್ನ ಐಫೋನ್‌ಗಳ ಇಂಧನ ದಕ್ಷತೆಯ ಶ್ರೇಣಿಯನ್ನು 'ಎ'ಯಿಂದ 'ಬಿ'ಗೆ ತಾನೇ ಇಳಿಸಿಕೊಂಡು ಪ್ರಕಟಿಸಿತು. ಆದರೆ ಅಳತೆಗೋಲು ಇದ್ದುದರಿಂದಲೇ ಅದರ ಬಗ್ಗೆ ತಕರಾರು ಎತ್ತಲು ಸಾಧ್ಯವಾಯಿತು ಎಂಬುದು ಗಮನಾರ್ಹ.

ಇಲ್ಲಿನ ಸ್ಥಿತಿ: ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಯು ಬ್ಯಾಟರಿ ಸಿಡಿಯದಂತೆ, ಶಾರ್ಟ್ ಸರ್ಕ್ಯೂಟ್ ಆದಾಗ ಅಪಾಯ ತರದಂತೆ ನೋಡಿಕೊಳ್ಳುತ್ತದೆ. ಅದು ಸುರಕ್ಷತೆಯ ಪರೀಕ್ಷೆ, ಬಾಳಿಕೆಯದಲ್ಲ. ದುರಸ್ತಿ ಸೂಚ್ಯಂಕ ಕುರಿತ ತಜ್ಞರ ಸಮಿತಿ 2025ರ ಮೇ ತಿಂಗಳಲ್ಲಿ ಕೇಂದ್ರಕ್ಕೆ ವರದಿ ಸಲ್ಲಿಸಿದೆ. ಅದು ಹೇಳುವುದು ಕೆಟ್ಟ ಫೋನನ್ನು ಸರಿಪಡಿಸುವುದು ಎಷ್ಟು ಸುಲಭ ಎಂಬುದನ್ನು; ಬ್ಯಾಟರಿ ಎಷ್ಟು ಕಾಲ ಕೆಡದೆ ಉಳಿಯುತ್ತದೆ ಎಂಬುದನ್ನಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂ.ವರೆಗೆ ದಂಡ ವಿಧಿಸಬಹುದು. ಆದರೆ 'ಎರಡು ದಿನ' ಎಂಬ ಮಾತು ಸುಳ್ಳೆಂದು ಸಾಬೀತುಪಡಿಸುವುದು ಹೇಗೆ? ಯಾವ ಬಳಕೆಯ ಎರಡು ದಿನ ಎಂಬ ಪ್ರಶ್ನೆಗೆ ಕಂಪನಿಯ ಉತ್ತರವೇ ಅಂತಿಮವಾದಾಗ ಕಾನೂನಿನ ಕೈ ಕಟ್ಟಿದಂತಾಗುತ್ತದೆ.

ಹಾಗೆಂದು ಯುರೋಪಿನ ಚೀಟಿಯನ್ನು ಯಥಾವತ್ತಾಗಿ ತಂದು ಅಂಟಿಸಿದರೂ ಸಾಲದು. ಲಿಥಿಯಂ ಅಯಾನ್ ಬ್ಯಾಟರಿಗೆ ಶಾಖವೇ ಶತ್ರು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಅದು ತಂಪು ಪ್ರಯೋಗಾಲಯದಲ್ಲಿರುವುದಕ್ಕಿಂತ ಬೇಗ ಮುದಿಯಾಗುತ್ತದೆ. ಸಿಗ್ನಲ್ ದುರ್ಬಲವಾಗಿರುವ ಮಲೆನಾಡಿನ ಮೂಲೆಗಳಲ್ಲಿ ಟವರ್ ಹುಡುಕುವುದರಲ್ಲೇ ಫೋನಿನ ಶಕ್ತಿ ಸೋರಿಹೋಗುತ್ತದೆ. ಬಿಸಿಲು ಮತ್ತು ಬಡ ಸಿಗ್ನಲ್ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಪರೀಕ್ಷೆ ಇಲ್ಲಿಗೆ ಬೇಕು.

ಕೋಲಾರದ ನರಸಾಪುರದಲ್ಲಿ ಐಫೋನ್‌ಗಳ ಜೋಡಣೆ ನಡೆಯುತ್ತಿದೆ. ಫೋನ್ ತಯಾರಿಸುವ ಸಾಮರ್ಥ್ಯ ಬೆಳೆಸಿಕೊಂಡ ದೇಶಕ್ಕೆ ಅದನ್ನು ಅಳೆಯುವುದು ಅಸಾಧ್ಯವೇ? ಬೇಕಿರುವುದು ಒಂದು ಅಳತೆ, ಅದನ್ನು ಪರಿಶೀಲಿಸುವ ಸ್ವತಂತ್ರ ಪ್ರಯೋಗಾಲಯ ಮತ್ತು ಪೆಟ್ಟಿಗೆಯ ಮೇಲೆ ಕಣ್ಣಿಗೆ ಕಾಣುವಂತೆ ಎರಡು ಸಂಖ್ಯೆಗಳು: ಎಷ್ಟು ಗಂಟೆ, ಎಷ್ಟು ಸುತ್ತು. ಅಲ್ಲಿಯವರೆಗೆ ಜಾಹೀರಾತಿನ ಮಾತನ್ನು ನಂಬಿ ಹಣ ಸುರಿಯುವುದೊಂದೇ ಗ್ರಾಹಕನ ಪಾಲಿಗೆ ಉಳಿಯುವ ದಾರಿ.